ಮಗಳು ಕಣಕ್ಕಿಳಿಯುವ ಮುನ್ನ

ಹಿರೇಗುಂಟನೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಒಂದು ಸಂಜೆ ಬಂದು, "ಅಪ್ಪಾ, ನಾನು ದುರ್ಗಕ್ಕೆ ಹೋಗಿ ಕಿಕ್‌ಬಾಕ್ಸಿಂಗ್ ಕಲೀತೀನಿ" ಎನ್ನುತ್ತಾಳೆ. ಅಪ್ಪ ಮಾತಾಡುವುದಿಲ್ಲ. ಅಮ್ಮ, "ಮೂಗು ಮುರ್ಕೊಂಡ್ರೆ ನಾಳೆ ನಿನ್ನ ಯಾರು ಮದುವೆ ಆಗ್ತಾರೆ?" ಎಂದು ಗದರುತ್ತಾಳೆ. ಅಜ್ಜಿ ಮಾತ್ರ ಎಲೆ ಅಡಿಕೆ ಮೆಲ್ಲುತ್ತಾ, "ಓಬವ್ವನ ಸೀಮೇಲಿ ಹುಟ್ಟಿದ ಹೆಣ್ಣು ಹೊಡೆದಾಡಬಾರದು ಅಂದ್ರೆ ಹೆಂಗೆ?" ಎಂದು ಕೇಳುತ್ತಾಳೆ.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಒನಕೆ ಹಿಡಿದು ಕೋಟೆಯ ಕಿಂಡಿಯ ಬಳಿ ನಿಂತ ಓಬವ್ವನ ಹೆಸರು ಇಂದು ಚಿತ್ರದುರ್ಗದ ಜಿಲ್ಲಾ ಕ್ರೀಡಾಂಗಣಕ್ಕಿದೆ. ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ಸರ್ಕಾರ ಕೊಡಿಸುವ ಆತ್ಮರಕ್ಷಣೆ ತರಬೇತಿಗೂ ಅವಳದೇ ಹೆಸರು. ಆದರೆ ಅಮ್ಮನ ಭಯವನ್ನೂ ತಳ್ಳಿಹಾಕುವಂತಿಲ್ಲ. ಭಯ ಸರಿಯಾದ ಕಡೆ ಇದೆಯೇ ಎಂಬುದಷ್ಟೇ ಪ್ರಶ್ನೆ. ಮುರಿದ ಮೂಗು ಎಲ್ಲರ ಕಣ್ಣಿಗೂ ಬೀಳುತ್ತದೆ, ವಾಸಿಯೂ ಆಗುತ್ತದೆ. ಕಾದಾಟದ ಆಟದಲ್ಲಿ ನಿಜವಾಗಿ ಹೆದರಬೇಕಾದುದು ಕಣ್ಣಿಗೆ ಬೀಳದ ಎರಡು ಸಂಗತಿಗಳಿಗೆ. ಒಂದು, ತೂಕದ ತಕ್ಕಡಿ. ಇನ್ನೊಂದು, ತಲೆಗೆ ಏಟು ಬಿದ್ದಾಗ ಹುಡುಗಿ ಹೇಳುವ "ಏನೂ ಆಗಿಲ್ಲ" ಎಂಬ ಮಾತು.

ಏನಿದು ಮಿಶ್ರ ಕಾದಾಟ?

ಕುಸ್ತಿ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಜೂಡೋ ಮೊದಲಾದವನ್ನು ಬೆರೆಸಿದ ಆಟಕ್ಕೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದು ಹೆಸರು. ಇದರಲ್ಲಿ ನಿಂತು ಹೊಡೆಯಬಹುದು, ನೆಲಕ್ಕೆ ಕೆಡವಬಹುದು, ಕೈಕಾಲು ತಿರುಚಿ ಹಿಡಿಯಬಹುದು, ಕತ್ತನ್ನೂ ಬಿಗಿಯಬಹುದು. ಸಿಕ್ಕಿಬಿದ್ದವರು ಕೈಯಿಂದ ತಟ್ಟಿದರೆ ಸೋಲೊಪ್ಪಿದಂತೆ. ಆಟ ಅಲ್ಲಿಗೇ ನಿಲ್ಲುತ್ತದೆ.

ಈ ಆಟದಲ್ಲಿ ಹೆಣ್ಣುಮಕ್ಕಳು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಎರಡು ಉದಾಹರಣೆ ನೋಡಿ. ಫಿನ್‌ಲೆಂಡಿನ ಕಾತ್ಯಾ ಕಂಕಾನ್ಪಾ 2014ರ ಡಿಸೆಂಬರ್ 5ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ಮಹಿಳೆಯರಿಗಾಗಿಯೇ ಇರುವ ಇನ್ವಿಕ್ಟಾ ಸಂಸ್ಥೆಯ ಪ್ರಶಸ್ತಿ ಗೆದ್ದರು. ಐದು ಸುತ್ತುಗಳ ಪಂದ್ಯ ಅದು. ಕೊನೆಯ ಸುತ್ತಿನವರೆಗೂ ಸೆಣಸಿ, ಆ ಸುತ್ತಿನಲ್ಲಿ ಎದುರಾಳಿಯ ಕತ್ತು ಬಿಗಿದು ಗೆದ್ದರು. ಐದು ತಿಂಗಳು ತುಂಬುವ ಮೊದಲೇ, 2015ರ ಏಪ್ರಿಲಿನಲ್ಲಿ, ಬ್ರೆಜಿಲ್‌ನ ಲಿವಿಯಾ ಸೋಜಾಗೆ ಅದೇ ಪಟ್ಟವನ್ನು ಬಿಟ್ಟುಕೊಟ್ಟರು. ನಮ್ಮವರೇ ಆದ ಪೂಜಾ ತೋಮರ್ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಬುಢಾನಾದವರು. ಮೊದಲು ವುಶು ಆಡಿ ರಾಷ್ಟ್ರೀಯ ಚಾಂಪಿಯನ್ ಆದವರು. 2024ರ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿ ಕಣದಲ್ಲಿ ಜಯ ಪಡೆದ ಮೊದಲ ಭಾರತೀಯ ಮಹಿಳೆಯೆನಿಸಿದರು.

ಈ ಇಬ್ಬರೂ ಆಡಿದ್ದು ಒಂದೇ ತೂಕದ ವಿಭಾಗದಲ್ಲಿ. ಅದರ ಮಿತಿ ಸುಮಾರು 52 ಕಿಲೋ. ನಮ್ಮ ಕಥೆ ನಿಜವಾಗಿ ಶುರುವಾಗುವುದು ಈ ಅಂಕಿಯಿಂದಲೇ.

ತಕ್ಕಡಿ ಎಂಬ ಎದುರಾಳಿ

ಸಮಬಲದವರು ಸೆಣಸಲಿ ಎಂಬ ಒಳ್ಳೆಯ ಉದ್ದೇಶದಿಂದ ತೂಕದ ವಿಭಾಗಗಳನ್ನು ಮಾಡಿದ್ದಾರೆ. ಆದರೆ ಮನುಷ್ಯನ ಬುದ್ಧಿ ನೋಡಿ. 56 ಕಿಲೋ ಇರುವವಳು ನಾಲ್ಕು ಕಿಲೋ ಇಳಿಸಿ 52ರಲ್ಲಿ ಆಡಿದರೆ ತನಗಿಂತ ಚಿಕ್ಕವಳು ಎದುರಿಗೆ ಸಿಗುತ್ತಾಳೆ ಎಂಬ ಲೆಕ್ಕಾಚಾರ ಶುರುವಾಯಿತು. ಮಿಶ್ರ ಕಾದಾಟದಲ್ಲಿ ಸಾಮಾನ್ಯವಾಗಿ ಹಿಂದಿನ ದಿನವೇ ತೂಕ ನೋಡುತ್ತಾರೆ. ಆದ್ದರಿಂದ ತಕ್ಕಡಿ ಹತ್ತುವವರೆಗೆ ಮೈಯ ನೀರನ್ನು ಹಿಂಡಿ, ಇಳಿದ ಮೇಲೆ ಮತ್ತೆ ಕುಡಿದು ತುಂಬಿಕೊಳ್ಳುವ ಅಭ್ಯಾಸ ಬೆಳೆದಿದೆ. ನೀರು ಬಿಡುವುದು, ದಪ್ಪ ಬಟ್ಟೆ ತೊಟ್ಟು ಓಡುವುದು, ಸೌನಾದಲ್ಲಿ ಕೂರುವುದು ಇದರ ದಾರಿಗಳು. ಫಿನ್‌ಲೆಂಡಿನವರಿಗೆ ಸೌನಾ ಎಂದರೆ ನಮ್ಮ ಬಚ್ಚಲೊಲೆಯ ಬಿಸಿನೀರಿನ ಸ್ನಾನವಿದ್ದಂತೆ, ದಣಿವಾರಿಸಿಕೊಳ್ಳುವ ಜಾಗ. ಅದನ್ನು ಮೈ ಒಣಗಿಸುವ ಗೂಡು ಮಾಡಿಕೊಂಡದ್ದು ಈ ಪೈಪೋಟಿ.

ಮೈಯ ನೀರು ಇಳಿದಾಗ ಒಳಗೆ ಆಗುವುದೇನು? ರಕ್ತದ ಪ್ರಮಾಣ ಕುಗ್ಗುತ್ತದೆ. ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಮೂತ್ರಪಿಂಡಗಳಿಗೆ ರಕ್ತ ಸಾಲುವುದಿಲ್ಲ. ಬೆವರು ಕಡಿಮೆಯಾಗಿ ಮೈಯ ಶಾಖ ಹೊರಹೋಗದೆ ಏರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಲವಣಗಳ ಸಮತೋಲ ತಪ್ಪಿದರೆ ಹೃದಯದ ಲಯವೇ ಕೆಡಬಹುದು. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಕಳೆದುಕೊಂಡರೂ ದಮ್ಮು ಕುಗ್ಗುತ್ತದೆ. ಗೆಲ್ಲಲೆಂದು ಮಾಡಿದ್ದು ಸೋಲಿಗೇ ದಾರಿಯಾಗುತ್ತದೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. 1997ರ ನವೆಂಬರ್, ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಭರದಲ್ಲಿ ಪ್ರಾಣ ಬಿಟ್ಟರು. ಆನಂತರವೇ ಅಲ್ಲಿ ನಿಯಮ ಬಿಗಿಯಾಯಿತು. 2015ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಪಂದ್ಯಕ್ಕೆ ಸಿದ್ಧನಾಗುತ್ತಿದ್ದ 21ರ ಹರೆಯದ ಚೀನೀ ಯುವಕನೊಬ್ಬ ಹೀಗೆಯೇ ತೀರಿಕೊಂಡ. ಆ ಪಂದ್ಯ ನಡೆಸುತ್ತಿದ್ದ ಸಂಸ್ಥೆ ನೀರು ಹಿಂಡಿ ತೂಕ ಇಳಿಸುವುದನ್ನು ನಿಷೇಧಿಸಿ, ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ಪರೀಕ್ಷಿಸುವ ಕ್ರಮ ತಂದಿತು.

ಪ್ಯಾರಿಸ್‌ನ ಆ ಬೆಳಗನ್ನು ನೀವೂ ಮರೆತಿರಲಾರಿರಿ. 2024ರ ಆಗಸ್ಟ್ 6ರಂದು ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದು ಒಲಿಂಪಿಕ್ಸ್ ಫೈನಲ್ ತಲುಪಿದರು. ವಿಭಾಗ 50 ಕಿಲೋ. ಅದಕ್ಕೆ ಮುಂಚೆ ಅವರು ಆಡುತ್ತಿದ್ದುದು 53 ಕಿಲೋದಲ್ಲಿ. ಪಂದ್ಯಗಳ ನಡುವೆ ತಿಂದು ಕುಡಿದ ಮೇಲೆ ಆ ಸಂಜೆ ತೂಕ ಸುಮಾರು 2.7 ಕಿಲೋ ಹೆಚ್ಚಿತ್ತು. ರಾತ್ರಿಯಿಡೀ ಬೆವರಿಳಿಸಿ, ಕೊನೆಗೆ ಕೂದಲನ್ನೂ ಕತ್ತರಿಸಿ ತಕ್ಕಡಿ ಹತ್ತಿದಾಗ 100 ಗ್ರಾಂ ಹೆಚ್ಚು ತೋರಿಸಿತು. ಪದಕ ಹೋಯಿತು. ಆಕೆ ನಿರ್ಜಲೀಕರಣದಿಂದ ಆಸ್ಪತ್ರೆ ಸೇರಬೇಕಾಯಿತು. ನೂರು ಗ್ರಾಮಿಗೆ ದೇಶವೆಲ್ಲ ಕಣ್ಣೀರಿಟ್ಟಿತು. ವೈದ್ಯನ ಕಣ್ಣಿಗೆ ಅದಕ್ಕಿಂತ ಎದ್ದು ಕಾಣುವುದು, ಒಂದು ರಾತ್ರಿಯಲ್ಲಿ ಆ ದೇಹ ಇಳಿಸಿದ ಎರಡೂವರೆ ಕಿಲೋ.

ಹಾಗಾದರೆ ನಿಮ್ಮ ಮಗಳು ಏನು ಮಾಡಬೇಕು? ತನ್ನ ಸಹಜ ತೂಕದ ವಿಭಾಗದಲ್ಲೇ ಆಡಬೇಕು. ಬೆಳೆಯುವ ವಯಸ್ಸಿನಲ್ಲಿ, ಅಂದರೆ 18 ತುಂಬುವವರೆಗೆ, ಪಂದ್ಯಕ್ಕಾಗಿ ತೂಕ ಇಳಿಸುವ ಮಾತೇ ಬೇಡ. ದೊಡ್ಡವರಾದ ಮೇಲೂ ವಾರಕ್ಕೆ ದೇಹದ ತೂಕದ ನೂರಕ್ಕೆ ಒಂದೂವರೆಗಿಂತ ಹೆಚ್ಚು ಇಳಿಸಬಾರದು. 52 ಕಿಲೋದವಳಿಗೆ ಅದು ಮುಕ್ಕಾಲು ಕಿಲೋ ಮಾತ್ರ. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಷ್ಟಿದೆ ಎಂದರ್ಥ. ಗಾಢವಾಗಿದ್ದರೆ ಸಾಲದು. ಪ್ಲಾಸ್ಟಿಕ್ ಹೊದ್ದು ಓಡಿಸುವ, ಭೇದಿ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ಕೊಡುವ ತರಬೇತುದಾರ ಸಿಕ್ಕರೆ, ಮಗಳನ್ನು ಅಂದೇ ಮನೆಗೆ ಕರೆತನ್ನಿ.

ಮುಟ್ಟು ನಿಂತರೆ ಹೆಮ್ಮೆಯಲ್ಲ

ಕಠಿಣ ತರಬೇತಿಯಲ್ಲಿರುವ ಹುಡುಗಿಯರಲ್ಲಿ ಕೆಲವರಿಗೆ ಮುಟ್ಟು ನಿಲ್ಲುತ್ತದೆ. "ಒಳ್ಳೆಯದೇ ಆಯ್ತು, ರಗಳೆ ತಪ್ಪಿತು" ಎನ್ನುವವರಿದ್ದಾರೆ. ಇದು ತಪ್ಪು. ಖರ್ಚು ಮಾಡುವಷ್ಟು ಶಕ್ತಿ ಊಟದಿಂದ ಬರುತ್ತಿಲ್ಲವೆಂದು ದೇಹ ಸಾರಿ ಹೇಳುತ್ತಿದೆ ಎಂದು ತಿಳಿಯಿರಿ. ಮನೆಯಲ್ಲಿ ದುಡ್ಡು ಕಡಿಮೆಯಾದಾಗ ಮೊದಲು ನಿಲ್ಲುವುದು ಹಬ್ಬದ ಖರ್ಚಲ್ಲವೇ? ಹಾಗೆಯೇ ದೇಹವೂ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಈಸ್ಟ್ರೊಜೆನ್ ಹಾರ್ಮೋನು ಕುಗ್ಗಿದಾಗ ಮೂಳೆ ಸವೆಯುತ್ತದೆ. ಮೂಳೆಗೆ ಗಟ್ಟಿತನ ಕೂಡಿಡುವ ಕಾಲ ಹರೆಯವೇ. ಆಗ ಕಳೆದುಕೊಂಡದ್ದನ್ನು ನಲವತ್ತರಲ್ಲಿ ಪೂರ್ತಿ ತುಂಬಿಕೊಳ್ಳಲಾಗದು. ಮೂರು ತಿಂಗಳು ಮುಟ್ಟಾಗದಿದ್ದರೆ, ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ವೈದ್ಯರನ್ನು ಕಾಣಬೇಕು.

ರಕ್ತಹೀನತೆಯನ್ನೂ ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ತರಬೇತಿಗೆ ಸೇರಿಸುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಚಿಕಿತ್ಸೆ, ಆಮೇಲೆ ಕಸರತ್ತು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಾಚೆ ಎಸೆಯದೆ ನುಂಗಲಿ.

ಊಟಕ್ಕೆ ದುಬಾರಿ ಡಬ್ಬದ ಪುಡಿ ಬೇಕಾಗಿಲ್ಲ. ರಾಗಿ ಮುದ್ದೆ, ಹುರುಳಿ ಅಥವಾ ಅವರೆಕಾಳಿನ ಸಾರು, ಸೊಪ್ಪು, ಮೊಸರು, ನಮ್ಮ ಸೀಮೆಯ ಶೇಂಗಾ, ತಿನ್ನುವವರಿಗೆ ಮೊಟ್ಟೆ ಮತ್ತು ಮಾಂಸ ಸಾಕು. ಊಟದ ಜೊತೆ ನಿಂಬೆಹಣ್ಣಿನ ರಸ ಸೇರಿದರೆ ಕಬ್ಬಿಣದಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟವಾದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಪ್ರಮಾಣ ಮಾತ್ರ ಹೆಚ್ಚಬೇಕು. ಅಣ್ಣನಿಗೆ ಬಡಿಸಿ ಉಳಿದದ್ದು ಅವಳಿಗೆ ಎಂಬ ಪದ್ಧತಿ ಇದ್ದಲ್ಲಿ ಕಾದಾಟವೂ ಬೇಡ, ಕಬಡ್ಡಿಯೂ ಬೇಡ.

"ಏನೂ ಆಗಿಲ್ಲ" ಎಂಬ ಸುಳ್ಳು

ತಲೆಗೆ ಏಟು ಬಿದ್ದಾಗ ತಲೆಬುರುಡೆಯೊಳಗೆ ಮಿದುಳು ಅದುರುತ್ತದೆ. ಇದನ್ನು ಕನ್ಕಷನ್ ಎನ್ನುತ್ತಾರೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ರಕ್ತ ಬರಬೇಕೆಂದೂ ಇಲ್ಲ. ಎಷ್ಟೋ ಬಾರಿ ಸ್ಕ್ಯಾನಿಂಗಿನಲ್ಲೂ ಏನೂ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಕಂಡರೆ ಕಿರಿಕಿರಿ, ಕೇಳಿದ್ದನ್ನೇ ಮತ್ತೆ ಕೇಳುವುದು, ಮಂಕಾಗಿ ಕೂರುವುದು ಇವೇ ಗುರುತು. ಎದೆಗಾರಿಕೆಯುಳ್ಳ ಹುಡುಗಿ ಇವನ್ನು ಮುಚ್ಚಿಡುತ್ತಾಳೆ, ತಂಡದಿಂದ ತೆಗೆದಾರೆಂಬ ಹೆದರಿಕೆಯಿಂದ. ಮೊದಲ ಅದುರು ಮಾಯುವ ಮುನ್ನ ಎರಡನೆಯ ಏಟು ಬಿದ್ದರೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ತಿಂದು ಕುಸಿದ ಮೈಸೂರಿನ ಯುವಕ ಬದುಕಲಿಲ್ಲ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಪ್ರವೇಶ ಶುಲ್ಕ ಎಷ್ಟು ಎಂದು ಕೇಳುವ ಮೊದಲು, "ಕಣದ ಪಕ್ಕದಲ್ಲಿ ವೈದ್ಯರಿದ್ದಾರೆಯೇ? ಆಂಬುಲೆನ್ಸ್ ನಿಂತಿರುತ್ತದೆಯೇ?" ಎಂದು ಕೇಳಿ. ಇಲ್ಲವೆಂದರೆ ಆ ಪಂದ್ಯ ಬೇಡ.

ಏಟು ಬಿದ್ದ ದಿನ ಮತ್ತೆ ಕಣಕ್ಕಿಳಿಸಬೇಡಿ. ಒಂದೆರಡು ದಿನ ವಿಶ್ರಾಂತಿ. ಆಮೇಲೆ ನಡಿಗೆ, ಓಟ, ಹಗುರ ಕಸರತ್ತು ಹೀಗೆ ಒಂದೊಂದೇ ಮೆಟ್ಟಿಲು. ವೈದ್ಯರು ಒಪ್ಪಿದ ಮೇಲಷ್ಟೇ ಹೊಡೆದಾಟ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಣ್ಣಿನ ಎರಡು ಪಾಪೆಗಳಲ್ಲಿ ಒಂದು ದೊಡ್ಡದಾಗುವುದು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಬರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ.

ಮೊಣಕಾಲು, ಕತ್ತು, ಚರ್ಮ

ಹಾರಿ ಇಳಿಯುವ, ಥಟ್ಟನೆ ತಿರುಗುವ ಆಟಗಳಲ್ಲಿ ಮೊಣಕಾಲಿನೊಳಗಿನ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಮಂಡಿ ಒಳಮುಖವಾಗಿ ಬಾಗದಂತೆ ಇಳಿಯುವುದನ್ನು ಮೊದಲ ದಿನದಿಂದಲೇ ಕಲಿಸಬೇಕು. ತೊಡೆಯ ಹಿಂಭಾಗದ ಸ್ನಾಯುಗಳನ್ನು ಬಲಪಡಿಸಬೇಕು. ಕತ್ತು ಬಿಗಿಯುವ ಪಟ್ಟಿನಲ್ಲಿ ಮಿದುಳಿಗೆ ರಕ್ತ ನಿಂತು ಸುಮಾರು ಹತ್ತು ಸೆಕೆಂಡಿನಲ್ಲೇ ಪ್ರಜ್ಞೆ ತಪ್ಪಬಹುದು. ಅನುಭವಿ ಗುರುವಿಲ್ಲದೆ, ದೂರದರ್ಶನವನ್ನೋ ಮೊಬೈಲನ್ನೋ ನೋಡಿ ಅಣ್ಣ ತಂಗಿ ಅಂಗಳದಲ್ಲಿ ಇದನ್ನು ಆಡಬಾರದು. ತಟ್ಟಿದರೆ ತಕ್ಷಣ ಬಿಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಚಾಪೆಯಿಂದ ಹುಳುಕಡ್ಡಿ ಅಂಟುತ್ತದೆ. ಅಭ್ಯಾಸ ಮುಗಿದೊಡನೆ ಸ್ನಾನ, ತನ್ನದೇ ಟವೆಲ್ಲು, ಕತ್ತರಿಸಿದ ಉಗುರು ಕಡ್ಡಾಯ.

ಮಗಳಿಗೆ ಏನು ಹೇಳಬೇಕು?

"ಬೇಡ" ಎನ್ನಬೇಡಿ. ಆಟ ಅವಳಿಗೆ ಬಲ, ಧೈರ್ಯ, ಒಳ್ಳೆಯ ನಿದ್ದೆ ಕೊಡುತ್ತದೆ. ಆದರೆ ಕಾತ್ಯಾ ಅವರ ಪಟ್ಟ ಐದು ತಿಂಗಳೂ ಉಳಿಯಲಿಲ್ಲವೆಂಬುದನ್ನು ನೆನಪಿಡಿ. ಕಣದ ಬದುಕು ಚಿಕ್ಕದು, ದೇಹದ ಬದುಕು ದೊಡ್ಡದು. ಓದು ಜೊತೆಗಿರಲಿ. ವಾರಕ್ಕೊಮ್ಮೆ ಅವಳನ್ನು ಪಕ್ಕ ಕೂರಿಸಿಕೊಂಡು ನಾಲ್ಕು ಮಾತು ಕೇಳಿ: ಹೊಟ್ಟೆ ತುಂಬ ಉಂಡೆಯಾ? ಮುಟ್ಟು ಸರಿಯಾಗಿದೆಯಾ? ತಲೆಗೆ ಏಟು ಬಿತ್ತಾ? ಯಾರಾದರೂ ತೂಕ ಇಳಿಸು ಎಂದರಾ? ಈ ನಾಲ್ಕಕ್ಕೂ ಮಗಳು ಅಂಜದೆ ನಿಜ ಹೇಳುವ ಮನೆಯಿದ್ದರೆ, ಅವಳು ಧೈರ್ಯವಾಗಿ ಕಣಕ್ಕಿಳಿಯಲಿ.