ಕಮ್ಮಟದ ನಡುವೆ ಐದು ನಿಮಿಷ

ನಾಟಕದ ಕಮ್ಮಟ, ಭಿತ್ತಿಪತ್ರಿಕೆಯ ಕಮ್ಮಟ ಎಂದು ಶಾಲೆಗಳಲ್ಲಿ ಇಡೀ ದಿನದ ಕಾರ್ಯಕ್ರಮಗಳು ನಡೆಯುವುದುಂಟು. ಬೆಳಗ್ಗೆ ಎಲ್ಲರೂ ಉತ್ಸಾಹಿಗಳೇ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೆಲವರು ಕಿಟಕಿಯಾಚೆಯ ರೈಲನ್ನು ನೋಡುತ್ತಿರುತ್ತಾರೆ, ಕೆಲವರು ತೂಕಡಿಸುತ್ತಿರುತ್ತಾರೆ. ಇದನ್ನು ಸೋಮಾರಿತನವೆಂದು ಗದರಿಸಿ ಪ್ರಯೋಜನವಿಲ್ಲ. ಊಟವನ್ನು ದೂರುವುದು ವಾಡಿಕೆಯಾದರೂ ಊಟ ಮಾಡದವರಲ್ಲಿಯೂ ಈ ಜಡತೆ ತೋರುತ್ತದೆ; ದೇಹದ ದಿನಚಕ್ರದಲ್ಲಿಯೇ ಆ ಹೊತ್ತಿಗೆ ಒಂದು ಇಳಿತವಿದೆ.

ಗಮನವು ಎಷ್ಟು ಬೇಗ ಸವೆಯುವುದೆಂಬುದನ್ನು ಇಂಗ್ಲೆಂಡಿನಲ್ಲಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಅಳೆದು ನೋಡಿದರು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ತೆರೆಯನ್ನು ಕಾಯುತ್ತಿದ್ದವರು ಹೊತ್ತು ಕಳೆದಂತೆ ಕಾಣಬೇಕಾದ ಗುರುತನ್ನೇ ಕಾಣದೆ ಹೋಗುತ್ತಿದ್ದರು. ಅವರು ಗಡಿಯಾರದಂತಹ ಒಂದು ಯಂತ್ರವನ್ನು ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆಗಳನ್ನು ಒಟ್ಟಿಗೆ ಹಾರುತ್ತದೆ. ಅದನ್ನು ಕಂಡವರು ಒಡನೆ ಗುರುತಿಸಬೇಕು. ಹೀಗೆ ಎರಡು ಗಂಟೆಗಳ ಕಾವಲು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ತಪ್ಪುಗಳು ಹೆಚ್ಚಿದವು. ನಡುವೆ ದೂರವಾಣಿಯಲ್ಲಿ ಒಂದು ಚಿಕ್ಕ ಸಂದೇಶ ಕಿವಿಗೆ ಬಿದ್ದರೆ ಕೆಲಕಾಲ ಚುರುಕು ಮರಳುತ್ತಿತ್ತು. 1948ರಲ್ಲಿ ಈ ಪ್ರಯೋಗಗಳ ವಿವರ ಪ್ರಕಟವಾಯಿತು. ಕಮ್ಮಟವೇನೂ ರೇಡಾರ್ ಕಾವಲಲ್ಲ, ನಿಜ. ಆದರೆ ಕೆಲವು ಉಪನ್ಯಾಸಗಳು ಅದಕ್ಕೆ ಬಹಳ ದೂರವೂ ಅಲ್ಲ.

ನಮ್ಮಲ್ಲಿ ಆ ದೂರವಾಣಿಯ ಕೆಲಸವನ್ನು 'ಕೆರೆ-ದಡ' ಸೊಗಸಾಗಿ ಮಾಡಬಲ್ಲದು. ನೆಲದ ಮೇಲೆ ಒಂದು ಗೆರೆ ಸಾಕು. 'ಕೆರೆ' ಎಂದರೆ ಗೆರೆಯಾಚೆಗೆ ಹಾರಬೇಕು, 'ದಡ' ಎಂದರೆ ಈಚೆಗೆ ಬರಬೇಕು. ಆಚೆ ಇದ್ದಾಗಲೇ ಮತ್ತೆ 'ಕೆರೆ' ಎಂದರೆ ಅಲುಗಬಾರದು. ಮುಂಬಯಿಯ ಚಾಳಿನಲ್ಲಿ ಬೆಳೆದು ಊರಿನ ಕೆರೆಯನ್ನೇ ಕಾಣದವರಿಗೂ ಇದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬಯಲಿನ ಆಟದಲ್ಲಿ ತಪ್ಪಿದವನು ಹೊರಗೆ ನಿಲ್ಲುತ್ತಾನೆ. ಕಮ್ಮಟದಲ್ಲಿ ಆ ನಿಯಮವನ್ನು ನಾವು ಒಪ್ಪುವುದಿಲ್ಲ. ಮೊದಲು ತಪ್ಪುವವನು ಯಾರು? ಮಂಕಾಗಿ ಕುಳಿತಿದ್ದವನೇ. ಯಾರನ್ನು ಎಬ್ಬಿಸಲು ಆಟವೋ ಅವನನ್ನೇ ಹೊರಗೆ ಕಳುಹಿಸಿದಂತಾಗುತ್ತದೆ! ತಪ್ಪಿದವನಿಗೆ ಕೂಗುವ ಅಧಿಕಾರ ಕೊಡಿರಿ. ಅವನ ಮುಖ ಅರಳುವುದನ್ನು ನೋಡಿರಿ. ಹಾರಲಾಗದ ಗೆಳೆಯನೊಬ್ಬನಿದ್ದರೆ ಅವನನ್ನು ಪ್ರೇಕ್ಷಕನನ್ನಾಗಿ ಮಾಡದೆ, ಎಲ್ಲರೂ ಕುಳಿತು ಕೈಯನ್ನೆತ್ತಿ ಇಳಿಸಿ ಆಡಬಹುದು.

ಸ್ಥಳ ಇಕ್ಕಟ್ಟಾಗಿದ್ದರೆ ಏಳರ ಎಣಿಕೆ ಇದೆ: ಒಬ್ಬೊಬ್ಬರಾಗಿ ಎಣಿಸುತ್ತ ಹೋಗಿ, ಏಳು, ಹದಿನಾಲ್ಕು, ಇಪ್ಪತ್ತೊಂದು ಬಂದಾಗ ಬಾಯಿ ಮುಚ್ಚಿ ಚಪ್ಪಾಳೆ ತಟ್ಟುವುದು. ಅಂಗಡಿಯಲ್ಲಿ ಮರಾಠಿಯಲ್ಲಿ ಎಣಿಸಿ ರೂಢಿಯಾದ ನಾಲಿಗೆಗೆ ಇಲ್ಲಿ ಕನ್ನಡದ ಅಂಕಿಗಳೂ ಮರಳಿ ಒಗ್ಗುತ್ತವೆ.

ಯಾವುದೇ ಆಟವಾಗಲಿ, ಐದು ನಿಮಿಷ ಮೀರಬಾರದು. "ಇನ್ನೊಂದು ಸಲ!" ಎಂದು ಕೂಗು ಎದ್ದಾಗಲೇ ನಿಲ್ಲಿಸಿ, ಮತ್ತೆ ಭಾಷಣಕ್ಕೆ ತೊಡಗದೆ, ಕತ್ತರಿ, ಅಂಟು, ಕಾಗದಗಳನ್ನು ನೇರವಾಗಿ ಕೈಗೆ ಕೊಡಬೇಕು.