ನರ್ಸ್ ರೂಮಿನ ಪಕ್ಕದ ಕೋಣೆ

ಬೆಂಗಳೂರಿನ ಅಂಚಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ದುಡಿದ ವರ್ಷಗಳಲ್ಲಿ, ತನಗೆ ಖಿನ್ನತೆ ಇದೆ ಎಂದು ಹೇಳಿಕೊಂಡು ಬಂದವರನ್ನು ನಾನು ಕಂಡಿಲ್ಲ. ಅವರು ಹೇಳುತ್ತಿದ್ದುದು ತಲೆನೋವು, ಎದೆಯುರಿ, ಕೈಕಾಲು ಜೋಮು, ರಾತ್ರಿಯಿಡೀ ಹತ್ತದ ನಿದ್ದೆ. 'ಒಂದು ಮಾತ್ರೆ ಕೊಡಿ ಸಿಸ್ಟರ್' ಎಂದು ನರ್ಸ್ ರೂಮಿನ ಬಾಗಿಲಲ್ಲಿ ನಿಲ್ಲುವ ಹೆಂಗಸರಲ್ಲಿ ಅನೇಕರಿಗೆ ಬೇಕಿದ್ದುದು ಕೂತು ಮಾತಾಡಲು ಒಂದು ಜಾಗ.

ಶುರುವಿನಲ್ಲಿ ಆಡಳಿತದವರು ನನಗೆ ಕೊಟ್ಟ ಕೋಣೆ ಎಚ್.ಆರ್. ಕಚೇರಿಗೆ ಅಂಟಿಕೊಂಡಿತ್ತು. ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ, ಗೋಡೆ ತುಂಬ ಪೋಸ್ಟರು. ಆ ಕಡೆ ಯಾರೂ ಸುಳಿಯಲಿಲ್ಲ. ಎಚ್.ಆರ್. ಕಡೆ ಹೋದವಳು ಒಂದೋ ಯಾರ ಮೇಲೋ ದೂರು ಕೊಡಲು ಹೋಗಿದ್ದಾಳೆ, ಇಲ್ಲವೇ ಅವಳ ಮೇಲೇ ದೂರು ಬಿದ್ದಿದೆ ಎಂದು ಇಡೀ ಲೈನು ಲೆಕ್ಕ ಹಾಕುತ್ತದೆ. ಹಾಗಾಗಿ ನರ್ಸ್ ರೂಮಿನ ಪಕ್ಕದಲ್ಲಿ ಔಷಧಿ ಡಬ್ಬಗಳನ್ನು ಇಡುತ್ತಿದ್ದ ಸಣ್ಣ ಕೋಣೆಯನ್ನೇ ಕೇಳಿ ಪಡೆದೆ. ಅಲ್ಲಿಗೆ ಯಾರು ಬಂದರೂ ಯಾರೂ ಏನೂ ಕೇಳುವುದಿಲ್ಲ. ತಲೆನೋವು ಎಲ್ಲರಿಗೂ ಬರುತ್ತದೆ.

ಜಾಗಕ್ಕಿಂತ ದೊಡ್ಡ ಕಷ್ಟ ಹೊತ್ತಿನದು. ಹೊಲಿಗೆ ಲೈನಿನಲ್ಲಿ ಗಂಟೆ ಗಂಟೆಗೂ ಟಾರ್ಗೆಟ್. ಕಾಲರ್ ಹಚ್ಚುವವಳು ಎದ್ದು ಹೋದರೆ ಅವಳ ಮೆಷಿನ್ ಮುಂದೆ ಪೀಸು ರಾಶಿ ಬೀಳುತ್ತದೆ, ಮುಂದಿನವಳು ಕೈಕಟ್ಟಿ ಕೂರುತ್ತಾಳೆ, ಸೂಪರ್‌ವೈಸರ್ ಕೂಗಾಡುತ್ತಾನೆ. ಸಂಜೆ ಶಿಫ್ಟ್ ಮುಗಿದ ಮೇಲೆ ಬಾ ಎಂದರೆ ಬಸ್ಸು ತಪ್ಪುತ್ತದೆ, ಮನೆಯಲ್ಲಿ ಮಗು ಕಾಯುತ್ತಿರುತ್ತದೆ. ಊಟದ ಹೊತ್ತಿನಲ್ಲಿ ಕರೆಯಿರಿ ಎಂದು ಆಡಳಿತದವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಗೆಳತಿಯರ ಜೊತೆ ಬುತ್ತಿ ಬಿಚ್ಚಿ, ಪಲ್ಯ ಹಂಚಿಕೊಂಡು, ನಕ್ಕು ಹಗುರಾಗುವ ಆ ಅರ್ಧ ಗಂಟೆಯೇ ಅವರ ಪಾಲಿನ ದೊಡ್ಡ ಔಷಧಿ. ಅದನ್ನು ಕಿತ್ತುಕೊಂಡು ಸಮಾಲೋಚನೆ ನಡೆಸುವುದು ನನಗೆ ಸರಿ ಕಾಣಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಮತ್ತೆ ಮತ್ತೆ ಕೂತು ಮಾತಾಡಿದ ಮೇಲೆ ಒಂದು ದಾರಿ ಸಿಕ್ಕಿತು: ಎಲ್ಲ ಬಗೆಯ ಹೊಲಿಗೆ ಬಲ್ಲ ಬದಲಿ ಟೈಲರ್ ಒಬ್ಬರು ಎದ್ದು ಹೋದವಳ ಮೆಷಿನ್‌ನಲ್ಲಿ ಕೂರುವುದು. ಹೊರಗೆ ಬಿಡುವ ಚೀಟಿಯಲ್ಲಿ 'ನರ್ಸ್ ರೂಮ್' ಎಂದಷ್ಟೇ ಬರೆಯುವುದು. ಸಂಬಳದಲ್ಲಿ ಕಡಿತವಿಲ್ಲ. ಪೋಸ್ಟರುಗಳಿಂದ ಆಗದ್ದು ಈ ಏರ್ಪಾಟಿನಿಂದ ಆಯಿತು.

ಬಂದವರ ಮಾತನ್ನು ಕೇಳುತ್ತಾ ಹೋದಂತೆ ನೋವಿನ ಬೇರು ಎಲ್ಲೆಲ್ಲಿದೆ ಎಂಬುದೂ ಕಾಣತೊಡಗಿತು. ವಾರ ವಾರ ಕಟ್ಟಬೇಕಾದ ಸಂಘದ ಸಾಲ ಬಹಳ ಮಂದಿಯ ನಿದ್ದೆ ಕೆಡಿಸಿತ್ತು. ಅಂಥವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಮೊದಲು ಹಾಳೆ ತೆಗೆದು, ಯಾರಿಗೆ ಎಷ್ಟು ಬಾಕಿ ಎಂದು ಜೊತೆಗೂತು ಬರೆಯುತ್ತಿದ್ದೆ. ಮನೆ ಮುಂದೆ ಬಂದು ಬೆದರಿಸಿ ವಸೂಲಿ ಮಾಡುವುದನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದ ಮೇಲೆ, ಅದನ್ನೂ ತಿಳಿಸಿ ಹೇಳುವುದು ನನ್ನಂಥವರ ಕೆಲಸವೇ ಆಯಿತು.

ಇನ್ನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ಅದಕ್ಕೂ ಈ ಭತ್ಯೆ ಇದೆ ಎಂಬುದು ಪ್ರತಿ ತಿಂಗಳು ವಂತಿಗೆ ಕಟ್ಟುವ ಹೆಂಗಸರಿಗೆ ಗೊತ್ತಿರಲಿಲ್ಲ. ಎಷ್ಟೋ ಮಂದಿ ಸುಸ್ತಾಗಿ ಕೆಲಸವನ್ನೇ ಬಿಟ್ಟು ಹೋಗುತ್ತಿದ್ದರು. ಈ ಒಂದು ಮಾಹಿತಿಯಿಂದ ಕೆಲವರ ಕೆಲಸ ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೂಪರ್‌ವೈಸರ್‌ಗಳನ್ನು ಬಿಟ್ಟು ಈ ಕೆಲಸ ನಡೆಯುವುದಿಲ್ಲ. 'ನಾನು ಕೂಗದೇ ಇದ್ರೆ ನನ್ ಮೇಲೆ ಕೂಗ್ತಾರೆ ಮೇಡಂ' ಎಂದು ಒಬ್ಬರು ಕಣ್ಣು ತುಂಬಿಕೊಂಡು ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಮೇಲಿನವರಿಗೆ ತರಬೇತಿ ಕೊಡಬೇಕು, ಕೆಲಸದ ವ್ಯವಸ್ಥೆಯನ್ನೇ ತಿದ್ದಬೇಕು ಎನ್ನುತ್ತದೆ. ಬೈಗುಳ ಬೀಳುವ ಜಾಗವನ್ನು ಹಾಗೇ ಬಿಟ್ಟು, ಬೈಸಿಕೊಂಡವಳಿಗೆ ಮಾತ್ರ ಸಹನೆ ಕಲಿಸುವುದು ಅನ್ಯಾಯ.

ನನಗೂ ಆಡಳಿತಕ್ಕೂ ಗಟ್ಟಿಯಾಗಿ ವಾದ ನಡೆದದ್ದು ತಿಂಗಳ ವರದಿಯ ವಿಷಯದಲ್ಲಿ. ಯಾರು ಬಂದಿದ್ದರು, ಏನು ಹೇಳಿದರು ಎಂದು ಕೇಳಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರುವುದನ್ನು ರೋಗಿಯ ಹಕ್ಕಾಗಿ ಕಾಣುತ್ತದೆ. ಕಾಯಿಲೆಯೆಂದು ಇನ್ನೂ ಹೆಸರಿಡದ ಸಂಕಟಕ್ಕೂ ಅಷ್ಟೇ ಕಾವಲು ಬೇಕೆಂದು ನಾನು ಪಟ್ಟು ಹಿಡಿದೆ. ಹಾಗಾದರೆ ವಿಭಾಗವಾರು ಅಂಕಿ ಕೊಡಿ ಎಂದರು. ಅದೂ ಆಗದು. ಬೆರಳೆಣಿಕೆಯ ಜನರಿರುವ ವಿಭಾಗದಲ್ಲಿ ಅಂಕಿಯೇ ಹೆಸರು ಹೇಳಿಬಿಡುತ್ತದೆ. ಇಡೀ ಕಾರ್ಖಾನೆಯ ಒಟ್ಟು ಸಂಖ್ಯೆ, ಪದೇ ಪದೇ ಕೇಳಿಬರುವ ಕಾರಣಗಳು, ಇಷ್ಟಕ್ಕೆ ಒಪ್ಪಂದವಾಯಿತು. ಶೌಚಾಲಯಕ್ಕೆ ಟೋಕನ್ ಪಡೆದು ಹೋಗುವ ಪದ್ಧತಿ ನಿಂತದ್ದು ಈ ಹೆಸರಿಲ್ಲದ ವರದಿಯಿಂದಲೇ. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ವೈದ್ಯರಿಗೂ ಮನೆಯವರೊಬ್ಬರಿಗೂ ತಿಳಿಸುತ್ತೇನೆ ಎಂಬುದನ್ನು ಮೊದಲ ಭೇಟಿಯಲ್ಲೇ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅದನ್ನು ಕೇಳಿ ಎದ್ದು ಹೋದವರಿಲ್ಲ.

ಬಗೆಹರಿಯದೆ ಉಳಿದಿರುವುದು ಹಾಸ್ಟೆಲ್ ಹುಡುಗಿಯರ ವಿಷಯ. ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು. ನನ್ನ ಕನ್ನಡ ಅವರಿಗೆ ಅರ್ಥವಾಗದು. ನನ್ನ ಹಿಂದಿ ಕುಶಲ ವಿಚಾರಿಸುವಷ್ಟಕ್ಕೆ ಸರಿ, ಅಳುವವಳ ಜೊತೆ ಕೂತು ಮಾತಾಡಲು ಸಾಲದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಹಾಸ್ಟೆಲ್‌ನ ಪ್ರತಿ ಕೋಣೆಯಲ್ಲೂ ಅಂಟಿಸಿದ್ದೇವೆ. ಹಗಲು ರಾತ್ರಿ ಉಚಿತವಾಗಿ ಹಲವು ಭಾಷೆಗಳಲ್ಲಿ ಮಾತಾಡಬಹುದು. ಆದರೆ ಒಂದೇ ಕೋಣೆಯಲ್ಲಿ ಅಷ್ಟು ಜನ ಮಲಗಿರುವಾಗ ಫೋನು ಹಿಡಿದು ಎಲ್ಲಿಗೆ ಹೋಗಿ ಮಾತಾಡಬೇಕು? ಹಾಸ್ಟೆಲ್‌ನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ವಾರಕ್ಕೆ ಎರಡು ದಿನವಾದರೂ ಬರುವ ಒಡಿಯಾ ಬಲ್ಲ ಸಮಾಲೋಚಕಿ, ಇವೆರಡನ್ನು ಬರವಣಿಗೆಯಲ್ಲಿ ಕೇಳಿದ್ದೇನೆ. ಕೋಣೆ ಕೊಡಲು ಒಪ್ಪಿದ್ದಾರೆ. ಸಮಾಲೋಚಕಿಯ ಹುಡುಕಾಟ ನಡೆದಿದೆ.