ಸುಳ್ಳು ನಡೆಯದ ಓದುಗ

ಬರೆಯುವುದು ನನಗಾಗಿಯೋ, ಓದುವವರಿಗಾಗಿಯೋ ಎಂದು ಕೇಳಿದ್ದೀಯಲ್ಲ ಮಗಳೇ, ನನಗೆ ತಿಳಿದಷ್ಟು ಹೇಳುತ್ತೇನೆ.

ಯಲಹಂಕ ಉಪನಗರದಿಂದ ಊರೊಳಗೆ ಹೋಗುವಾಗಲೆಲ್ಲ ಹೆಬ್ಬಾಳದ ಮೇಲ್ಸೇತುವೆ ಹತ್ತಿ ಇಳಿಯುತ್ತೀಯ. ಅದೇ ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಬೆಂಗಳೂರಿನಲ್ಲಿ ದೊರೆತ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಗಂಗರ ಶ್ರೀಪುರುಷ ಆಳುತ್ತಿದ್ದ ಕಾಲ. ಪೆರ್ಬೊಳಲ್ ನಾಡನ್ನು ಪೆಳ್ನಾಗತ್ತರಸ ನೋಡಿಕೊಳ್ಳುತ್ತಿದ್ದ. ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಮೇಲೆ ಬಿದ್ದಾಗ ಕಿಟ್ಟಯ್ಯ ಎಂಬವನು ಕಾದಿ ಸತ್ತ. ಯಾರ ಮಗ, ಯಾರ ನಂಟ, ಯಾರ ಆಳ್ವಿಕೆ, ಯಾರ ದಾಳಿ, ಕೊನೆಗೆ ಇಂದ್ರಲೋಕ ಸೇರಿದ. ಕಲ್ಲಿನ ಮೇಲಿರುವ ಮಾತು ಹೆಚ್ಚುಕಡಿಮೆ ಅಷ್ಟೇ.

ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಆ ಕಲ್ಲಿನ ಮುಂದೆ ನಿಲ್ಲುವವರು ಕಿಟ್ಟಯ್ಯನನ್ನು ಕಂಡವರು, ಅದರಿಂದ ಬಂತು ಎಂದು ನನ್ನ ಊಹೆ. ಅಪ್ಪನ ಹೆಸರು ತಪ್ಪಿದ್ದರೆ ಮನೆಯವರು ಬಿಡುತ್ತಿರಲಿಲ್ಲ. ಕಾಳಗವನ್ನು ಬೇರೆ ಮಾಡಿ ಹೇಳಿದ್ದರೆ ಜೊತೆಗೆ ಕಾದಿದವರು ಸುಮ್ಮನಿರುತ್ತಿರಲಿಲ್ಲ. ಹತ್ತಿರದವರಿಗಾಗಿ, ಸುಳ್ಳು ನಡೆಯದ ಜಾಗದಲ್ಲಿ ನಿಂತು ಬರೆದದ್ದು ಅದು. ಹನ್ನೆರಡು ಶತಮಾನ ದಾಟಿ ಬಂದ ನಾವೂ ಅದನ್ನು ನಂಬುತ್ತೇವೆ.

ಪಂಪನನ್ನು ತಗೋ. ಅನ್ನ ಕೊಟ್ಟ ಅರಿಕೇಸರಿಗಾಗಿಯೇ ವಿಕ್ರಮಾರ್ಜುನ ವಿಜಯ ಬರೆದ, ದೊರೆಯನ್ನೇ ಅರ್ಜುನನನ್ನಾಗಿ ಮಾಡಿದ. ಆದರೂ ಪುಸ್ತಕ ಮುಚ್ಚಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ಕರ್ಣ. ದೊರೆಗೆ ಸಲ್ಲಬೇಕಾದದ್ದು ಸಂದಿತು. ತಾನು ಕಂಡದ್ದನ್ನು ಪಂಪ ಬಿಟ್ಟುಕೊಡಲಿಲ್ಲ.

ತನಗಾಗಿಯೇ ಬರೆದವರೂ ಇದ್ದಾರೆ. ಮಂಕುತಿಮ್ಮನ ಕಗ್ಗ ಹೊರಬಂದದ್ದು 1943ರಲ್ಲಿ. ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳಲು ಕಟ್ಟಿದ್ದು ಅದು ಎಂಬ ಮಾತು ಆ ಕೃತಿಯೊಳಗೇ ಇದೆ. ಆದರೆ ಎಂಥ ಮನಸ್ಸು ಅದು, ಯೋಚಿಸು. 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಆ ಹೊತ್ತಿಗೆ ಐವತ್ತು ದಾಟಿದ್ದರು. ಪತ್ರಿಕೆ ನಡೆಸಿ, ಸಾರ್ವಜನಿಕ ಬದುಕಿನ ಸರಿತಪ್ಪುಗಳನ್ನು ವರ್ಷಗಟ್ಟಲೆ ತೂಗಿ ನೋಡಿದವರು. ಸುಲಭದ ಸಮಾಧಾನ ಕೊಟ್ಟರೆ ಒಪ್ಪುವ ಮನಸ್ಸಲ್ಲ. ಅದಕ್ಕೇ ಅವರು ತಮಗೆ ಹೇಳಿಕೊಂಡದ್ದು ಇವತ್ತು ಮದುವೆಮನೆಯ ಭಾಷಣದಲ್ಲೂ ವಾಟ್ಸಾಪಿನಲ್ಲೂ ಓಡಾಡುತ್ತಿದೆ.

ಹಾಗಾಗಿ, ನನಗಾಗಿ ಬರೆಯುತ್ತೇನೆ ಎನ್ನುವ ಮೊದಲು ಆ 'ನಾನು' ಎಷ್ಟು ಕಟ್ಟುನಿಟ್ಟು ಎಂದು ನೋಡಿಕೋ. ಅರ್ಥವಾಗದಂತೆ ಬರೆದು, ಯಾರಾದರೂ ಕೇಳಿದರೆ ಇದು ನನಗಾಗಿ ಬರೆದದ್ದು ಎಂದು ಬಾಗಿಲು ಹಾಕಿಕೊಳ್ಳುವ ಹುಡುಗ ಹುಡುಗಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಲೈಕು ಎಣಿಸುತ್ತ ಬರೆಯುವುದೂ ಅದೇ ಜಾತಿಯದು. ಬೆರಳಲ್ಲಿ ತಳ್ಳಿ ಮುಂದೆ ಹೋಗುವವನಿಗೆ ಏನು ಕೊಟ್ಟರೂ ನಡೆಯುತ್ತದೆ. ಎರಡು ಕಡೆಯೂ ನಿನ್ನ ಬರಹವನ್ನು ಹಿಡಿದು ನಿಲ್ಲಿಸಿ ಕೇಳುವವರಿಲ್ಲ.

ನೀನು ಕಳಿಸಿದ ಕಥೆಗೆ ಬರುತ್ತೇನೆ. ದೇವನಹಳ್ಳಿ ಕಡೆ ವಿಮಾನ ನಿಲ್ದಾಣಕ್ಕೆ ಜಮೀನು ಹೋದ ರೈತ ಹಿಡಿಮಣ್ಣು ತೆಗೆದು ಹಣೆಗೊತ್ತಿಕೊಂಡು ಅತ್ತ ಎಂದು ಬರೆದಿದ್ದೀಯ. ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ 2008ರಲ್ಲಿ ವಿಮಾನ ಹಾರುವ ಹೊತ್ತಿಗೆ ನಿಜವಾಗಿ ಜಮೀನು ಬಿಟ್ಟವರೊಬ್ಬರು ಇದನ್ನು ಓದಿದರೆ ಏನು ಕೇಳುತ್ತಾರೆ? ಎಷ್ಟು ಎಕರೆ? ಪಹಣಿ ಯಾರ ಹೆಸರಲ್ಲಿತ್ತು? ಪರಿಹಾರದ ದುಡ್ಡು ಅಣ್ಣತಮ್ಮಂದಿರಲ್ಲಿ ಹೇಗೆ ಹಂಚಿಹೋಯಿತು? ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೋ, ಸಹಿ ಮಾತ್ರ ಹಾಕಿಸಿಕೊಂಡರೋ? ದ್ರಾಕ್ಷಿ ಚಪ್ಪರವನ್ನು ಅವನೇ ಕಿತ್ತನೋ, ಜೆಸಿಬಿ ಬಂತೋ? ಚಕ್ಕೋತದ ಮರ ಏನಾಯಿತು? ಇವಕ್ಕೆ ಉತ್ತರ ನಿನ್ನ ಕಥೆಯಲ್ಲಿಲ್ಲ. ಉತ್ತರ ಸಿಕ್ಕಿದ ದಿನ ಆ ರೈತ ಬಹುಶಃ ಅಳದೆಯೂ ಇರಬಹುದು, ಕಥೆ ಬೇರೆ ದಾರಿ ಹಿಡಿಯಬಹುದು. ಹಿಡಿಯಲಿ, ಹೆದರಬೇಡ.

ಈ ಭಾನುವಾರ ಬಸ್ಸು ಹತ್ತಿ ಆ ಕಡೆ ಹೋಗು. ಜಮೀನು ಕೊಟ್ಟವರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕೂತು ಕಥೆಯನ್ನು ಗಟ್ಟಿಯಾಗಿ ಓದು. 'ಹಂಗಲ್ಲಮ್ಮ' ಎಂದು ಅವರು ತಡೆದ ಕಡೆಯಲ್ಲೆಲ್ಲ ಪೆನ್ಸಿಲ್ಲಿನಿಂದ ಗೆರೆ ಎಳೆದುಕೋ. ಆ ಪ್ರತಿಯನ್ನು ನನಗೆ ಕಳಿಸು. ಪತ್ರಿಕೆಗೆ ಕಳಿಸುವುದು ಆಮೇಲೆ.